ಆಗ ನೀವೇನು ಮಾಡಿದಿರಿ?

1941ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ತರಬೇತಿ ಶಾಲೆಗಳಿಂದ ಪೈಲಟ್ ಆಗಲು ತಕ್ಕವರಲ್ಲವೆಂದು ಹೊರಬಿದ್ದ ಒಂದು ಸಾವಿರ ಯುವಕರ ಕಡತಗಳನ್ನು ಮನಶ್ಶಾಸ್ತ್ರಜ್ಞರ ತಂಡವೊಂದು ಓದಿ ನೋಡಿತು. ಯುದ್ಧ ಹತ್ತಿರ ಬರುತ್ತಿತ್ತು. ಎಂಥವರನ್ನು ಆರಿಸಿದರೆ ವಿಮಾನವೂ ಜೀವವೂ ಉಳಿಯುತ್ತವೆ ಎಂಬುದು ತುರ್ತಾಗಿ ತಿಳಿಯಬೇಕಿತ್ತು. ಆದರೆ ಕಡತಗಳಲ್ಲಿ ಹೆಚ್ಚಾಗಿ ಸಿಕ್ಕಿದ್ದು ಇಂಥ ಮಾತುಗಳು: ಹಾರಾಟದ ಸಹಜ ಸಾಮರ್ಥ್ಯವಿಲ್ಲ, ಸ್ವಭಾವ ಹೊಂದುವುದಿಲ್ಲ, ವಿವೇಚನೆ ಸಾಲದು, ಪ್ರಗತಿ ಸಾಕಷ್ಟಿಲ್ಲ. ಹುಡುಗ ಆಕಾಶದಲ್ಲಿದ್ದಾಗ ನಿಜವಾಗಿ ಏನು ಮಾಡಿದ, ಏನು ಮಾಡದೆ ಬಿಟ್ಟ ಎಂಬುದು ಈ ಮಾತುಗಳಿಂದ ಗೊತ್ತಾಗುವಂತಿರಲಿಲ್ಲ. ಈ ಕಾರ್ಯಕ್ರಮವನ್ನು ಮುನ್ನಡೆಸುತ್ತಿದ್ದ ಜಾನ್ ಫ್ಲಾನಗನ್ ಆಮೇಲೆ ಪ್ರಶ್ನೆಯನ್ನೇ ಬದಲಿಸಿದರು. ಮನುಷ್ಯ ಹೇಗಿದ್ದಾನೆ ಎಂದು ಕೇಳುವುದನ್ನು ಬಿಟ್ಟು, ಅವನ ಯಾವ ನಡೆಯಿಂದ ಕೆಲಸ ಕೈಗೂಡಿತು ಅಥವಾ ಕೆಟ್ಟಿತು, ಆ ಘಟನೆಯನ್ನು ವಿವರಿಸಿ ಎಂದರು. 1954ರಲ್ಲಿ ಈ ವಿಧಾನದ ಬಗ್ಗೆ ಅವರು ಬರೆದ ಪ್ರಬಂಧ ಮನಶ್ಶಾಸ್ತ್ರದಲ್ಲಿ ಒಂದು ದಾರಿಯನ್ನೇ ತೆರೆಯಿತು. ಇವತ್ತು ಬೆಂಗಳೂರಿನ ಔಟರ್ ರಿಂಗ್ ರಸ್ತೆಯ ಯಾವುದೋ ಗಾಜಿನ ಕಟ್ಟಡದಲ್ಲಿ ಕೂತ ಎಂಜಿನಿಯರನ್ನು, ‘ಮ್ಯಾನೇಜರ್ ತೆಗೆದುಕೊಂಡ ತೀರ್ಮಾನ ತಪ್ಪೆಂದು ನಿಮಗೆ ಅನ್ನಿಸಿದ ಒಂದು ಸಂದರ್ಭ ಹೇಳಿ, ಆಗ ನೀವೇನು ಮಾಡಿದಿರಿ?’ ಎಂದು ಕೇಳುತ್ತಾರಲ್ಲ, ಆ ಪ್ರಶ್ನೆಯ ಬೇರು ಅಲ್ಲಿದೆ.

ಬೇರಿನಿಂದ ಗಿಡ ಏಳಲು ಒಂದೆರಡು ದಶಕ ಹಿಡಿಯಿತು. 1974ರ ಹೊತ್ತಿಗೆ ಅಮೆರಿಕದ ಡಿಡಿಐ ಎಂಬ ಸಲಹಾ ಸಂಸ್ಥೆ, ಅಭ್ಯರ್ಥಿಯ ಉತ್ತರವನ್ನು ಸಂದರ್ಭ, ಹೊಣೆ, ಕ್ರಮ, ಫಲ ಎಂದು ಬಿಡಿಸಿ ನೋಡುವ ‘ಸ್ಟಾರ್’ ಕ್ರಮವನ್ನು ಬಳಕೆಗೆ ತಂದಿತು. 1980ರಲ್ಲಿ ಗ್ಯಾರಿ ಲೇಥಮ್ ಮತ್ತು ಸಂಗಡಿಗರು, ‘ಇಂಥ ಪರಿಸ್ಥಿತಿ ಬಂದರೆ ಏನು ಮಾಡುತ್ತೀರಿ’ ಎಂಬ ಮಾದರಿಯ ಪ್ರಶ್ನೆಗಳನ್ನು ಪರೀಕ್ಷೆಗೊಡ್ಡಿದರು. 1982ರಲ್ಲಿ ಟಾಮ್ ಜಾನ್ಜ್, ‘ಬಂದರೆ’ ಬೇಡ, ‘ಬಂದಾಗ ಏನು ಮಾಡಿದಿರಿ’ ಎಂದು ಕೇಳೋಣ ಎಂದರು. ಇವೆಲ್ಲ ಸೇರಿ ಆದದ್ದೇ ಈಗ ಕಂಪನಿಗಳು ಬಿಹೇವಿಯರಲ್ ರೌಂಡ್ ಎಂದು ಕರೆಯುವ ಸಂದರ್ಶನ. ಅದನ್ನು ಸರಿಯಾಗಿ ನಡೆಸುವ ಕಡೆ ಕೆಲವು ನಿಯಮಗಳಿರುತ್ತವೆ. ಆ ಹುದ್ದೆಗೆ ಯಾವ ಗುಣ ಬೇಕು ಎಂಬುದನ್ನು ಮೊದಲೇ ಬರೆದಿಟ್ಟಿರುತ್ತಾರೆ. ಬಂದವರಿಗೆಲ್ಲ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಎಂಥ ಉತ್ತರಕ್ಕೆ ಎಷ್ಟು ಅಂಕ ಎಂಬುದಕ್ಕೆ ಮಾದರಿ ಸಮೇತ ಒಂದು ಮಾಪಕ ಇರುತ್ತದೆ. ಇಂಥ ಮಾಪಕವನ್ನು 1963ರಲ್ಲೇ ಪೆಟ್ರೀಶಿಯಾ ಕೇನ್ ಸ್ಮಿತ್ ಮತ್ತು ಲಾರ್ನ್ ಕೆಂಡಲ್ ರೂಪಿಸಿದ್ದರು. ಕೊನೆಯದಾಗಿ, ಸಂದರ್ಶಕರು ಪರಸ್ಪರ ಮಾತಾಡಿಕೊಳ್ಳುವ ಮೊದಲು ತಂತಮ್ಮ ಅಂಕ ಬರೆಯುತ್ತಾರೆ.

ಎಂಜಿನಿಯರುಗಳ ನೇಮಕದಲ್ಲಿ ಇದಕ್ಕೆ ಬಂದಿರುವ ಮಹತ್ವಕ್ಕೆ ಒಂದು ಹಿನ್ನೆಲೆಯಿದೆ. ಒಂದು ಕಾಲದಲ್ಲಿ ಸಾಫ್ಟ್‌ವೇರ್ ಕಂಪನಿಗಳಲ್ಲಿ ಒಗಟುಗಳ ಹುಚ್ಚಿತ್ತು. ವಿಮಾನದೊಳಗೆ ಎಷ್ಟು ಗಾಲ್ಫ್ ಚೆಂಡು ಹಿಡಿಯುತ್ತವೆ ಎಂಬಂಥವು. ಗೂಗಲ್‌ನ ಮಾನವ ಸಂಪನ್ಮೂಲ ವಿಭಾಗದ ಮುಖ್ಯಸ್ಥರಾಗಿದ್ದ ಲಾಜ್ಲೋ ಬಾಕ್ 2013ರಲ್ಲಿ, ಈ ಒಗಟುಗಳಿಂದ ಏನೂ ತಿಳಿಯುವುದಿಲ್ಲ, ಕೇಳುವವನಿಗೆ ತಾನು ಜಾಣನೆಂಬ ಸುಖ ಸಿಗುತ್ತದೆ ಅಷ್ಟೇ ಎಂಬರ್ಥದಲ್ಲಿ ಬಹಿರಂಗವಾಗಿ ಹೇಳಿದರು. ಅಮೆಜಾನ್ ತನ್ನ ‘ಲೀಡರ್‌ಶಿಪ್ ಪ್ರಿನ್ಸಿಪಲ್ಸ್’ ಎಂಬ ಪಟ್ಟಿಯನ್ನೇ ಸಂದರ್ಶನದ ಬೆನ್ನೆಲುಬು ಮಾಡಿಕೊಂಡಿದೆ. 2021ರಲ್ಲಿ ಎರಡು ಸೇರಿ ಅವು 16 ಆದವು. ಸಂದರ್ಶಕರು ಆ ತತ್ವಗಳನ್ನು ಹಂಚಿಕೊಂಡು ಪ್ರಶ್ನೆ ಕೇಳುತ್ತಾರೆ, ಜೊತೆಗೆ ನೇಮಕ ಮಾಡಿಕೊಳ್ಳುವ ತಂಡಕ್ಕೆ ಸೇರದ ‘ಬಾರ್ ರೈಸರ್’ ಒಬ್ಬರು ಕೂತಿರುತ್ತಾರೆ. ಈ ಪಟ್ಟಿ ಗುಟ್ಟೇನಲ್ಲ, ಯಾರು ಬೇಕಾದರೂ ಓದಬಹುದು. ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದಂತಾಯಿತಲ್ಲ ಎಂದು ಹುಡುಗರು ಉತ್ತರ ಬರೆಸಿಕೊಂಡು ಉರು ಹೊಡೆಯುತ್ತಾರೆ. ತಯಾರಿ ದಾರಿ ತಪ್ಪುವುದು ಇಲ್ಲೇ. ಈ ಸಂದರ್ಶನ ಭಾಷಣ ಕಲೆಯ ಪರೀಕ್ಷೆಯಲ್ಲ, ಗುಣಗಳನ್ನು ಹೇಳಿಕೊಳ್ಳುವ ವೇದಿಕೆಯೂ ಅಲ್ಲ. ಅದು ಸಾಕ್ಷ್ಯ ಕೇಳುತ್ತದೆ. ಹಾಗಾಗಿ ಅದಕ್ಕೆ ಮಾಡಿಕೊಳ್ಳಬೇಕಾದ ತಯಾರಿಯೆಂದರೆ ತಾನು ಮಾಡಿದ ಕೆಲಸದ ನೆನಪನ್ನು, ವಿವರ ಮಾಸುವ ಮೊದಲು, ಹೆಕ್ಕಿ ಜೋಡಿಸಿಕೊಳ್ಳುವುದು. ಸಂದರ್ಶನದ ಹಿಂದಿನ ವಾರ ಓದಿ ಮುಗಿಸುವ ಪಾಠ ಇದಲ್ಲ.

ಸಾಕ್ಷ್ಯ ಯಾಕೆ ಬೇಕು, ಎದುರಿಗೆ ಕೂರಿಸಿಕೊಂಡು ಅರ್ಧ ಗಂಟೆ ಮಾತಾಡಿದರೆ ಮನುಷ್ಯನ ಬೆಲೆ ತಿಳಿಯುವುದಿಲ್ಲವೇ ಎಂದು ಅನುಭವಸ್ಥರು ಕೇಳುತ್ತಾರೆ. ತಿಳಿಯುವುದಿಲ್ಲ, ತಿಳಿದಂತೆ ಅನ್ನಿಸುತ್ತದೆ, ಅಷ್ಟೇ. ಜೇಸನ್ ಡಾನಾ, ರಾಬಿನ್ ಡಾಸ್ ಮತ್ತು ನಥಾನಿಯಲ್ ಪೀಟರ್ಸನ್ 2013ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳು ಬೇರೆ ವಿದ್ಯಾರ್ಥಿಗಳನ್ನು ಸಂದರ್ಶಿಸಿ ಅವರ ಮುಂದಿನ ಅಂಕಗಳನ್ನು ಊಹಿಸಬೇಕಿತ್ತು. ಕೆಲವು ಸಂದರ್ಶನಗಳಲ್ಲಿ ಎದುರಿಗಿದ್ದವರಿಗೆ ಗುಟ್ಟಾಗಿ ಒಂದು ಸೂಚನೆ ಕೊಟ್ಟಿದ್ದರು: ಪ್ರಶ್ನೆಯ ಕೊನೆಯ ಎರಡು ಪದಗಳ ಮೊದಲ ಅಕ್ಷರ ನೋಡಿ ಹೌದು ಅಥವಾ ಇಲ್ಲ ಎನ್ನಿ, ಸತ್ಯಕ್ಕೂ ಉತ್ತರಕ್ಕೂ ಸಂಬಂಧ ಬೇಡ. ಹೀಗೆ ಲಾಟರಿ ಎತ್ತಿದಂತೆ ಬಂದ ಉತ್ತರಗಳನ್ನು ಕೇಳಿಯೂ ಸಂದರ್ಶಕರಲ್ಲಿ ಒಬ್ಬರಿಗೂ ಅನುಮಾನ ಬಂದಂತೆ ವರದಿಯಾಗಲಿಲ್ಲ. ಎದುರಿಗಿದ್ದವರು ತಮಗೆ ಅರ್ಥವಾದರು ಎಂಬ ನಂಬಿಕೆಗೂ ಕುಂದು ಬರಲಿಲ್ಲ. ಇನ್ನೊಂದು ಮಾತೂ ಅಲ್ಲಿ ಹೊರಬಿತ್ತು. ಹಳೆಯ ಅಂಕಗಳನ್ನಷ್ಟೇ ನೋಡಿ ಮಾಡಿದ ಊಹೆಗಿಂತ ಸಂದರ್ಶನ ಮಾಡಿ ಮಾಡಿದ ಊಹೆ ಕೆಟ್ಟದಾಗಿತ್ತು. ಬಿಡಿಬೀಸು ಮಾತುಕತೆ ಇದ್ದ ತಿಳಿವಳಿಕೆಯನ್ನೂ ಕದಡಿತ್ತು.

ನೊಬೆಲ್ ಪುರಸ್ಕೃತ ಡೇನಿಯಲ್ ಕಾನೆಮನ್ ಇದೇ ಸಮಸ್ಯೆಯನ್ನು 1955ರಲ್ಲಿ, ತಮ್ಮ ಇಪ್ಪತ್ತೊಂದನೇ ವಯಸ್ಸಿನಲ್ಲಿ, ಇಸ್ರೇಲ್ ಸೇನೆಯಲ್ಲಿ ಎದುರಿಸಿದ್ದರು. ಹೊಸದಾಗಿ ಸೇರುವವರನ್ನು ಹದಿನೈದು ಇಪ್ಪತ್ತು ನಿಮಿಷ ಮಾತಾಡಿಸಿ, ಯುದ್ಧದ ಕೆಲಸಕ್ಕೆ ಆಗುತ್ತಾರೋ ಇಲ್ಲವೋ ಹೇಳುವುದು ಅಲ್ಲಿನ ಪದ್ಧತಿ. ಆ ಅಂದಾಜುಗಳು ಹೆಚ್ಚುಕಡಿಮೆ ನಿಷ್ಪ್ರಯೋಜಕ ಎಂದು ಆಗಲೇ ಸಾಬೀತಾಗಿತ್ತು. ಕಾನೆಮನ್ ಆರು ಗುಣಗಳನ್ನು ಆರಿಸಿ, ಪ್ರತಿಯೊಂದಕ್ಕೂ ನಡೆದ ಸಂಗತಿಗಳ ಬಗ್ಗೆಯೇ ಪ್ರಶ್ನೆ ಬರೆದುಕೊಟ್ಟರು. ಎಷ್ಟು ಕಡೆ ಕೆಲಸ ಮಾಡಿದ್ದೀರಿ, ಹೊತ್ತಿಗೆ ಸರಿಯಾಗಿ ಹೋಗುತ್ತಿದ್ದಿರೇ, ಗೆಳೆಯರ ಜೊತೆ ಎಷ್ಟು ಬೆರೆಯುತ್ತೀರಿ, ಹೀಗೆ. ಒಂದು ಗುಣಕ್ಕೆ ಒಂದರಿಂದ ಐದರೊಳಗೆ ಅಂಕ ಕೊಟ್ಟ ಮೇಲೆಯೇ ಮುಂದಿನದಕ್ಕೆ ಹೋಗಬೇಕು. ನಮ್ಮನ್ನು ಯಂತ್ರ ಮಾಡುತ್ತಿದ್ದೀರಿ ಎಂದು ಸಂದರ್ಶಕರು ಸಿಟ್ಟಾದರು. ಅವರನ್ನು ಸಮಾಧಾನಪಡಿಸಲು ಕಾನೆಮನ್, ಎಲ್ಲ ಮುಗಿದ ಮೇಲೆ ಕಣ್ಣು ಮುಚ್ಚಿ ಇವನು ಸೈನಿಕನಾಗಿ ಹೇಗಿರುತ್ತಾನೆಂದು ಊಹಿಸಿ ಒಂದು ಅಂಕ ಕೊಡಿ ಎಂದು ಸೇರಿಸಿದರು. ತಿಂಗಳುಗಳ ಬಳಿಕ ತಾಳೆ ನೋಡಿದಾಗ ಆರು ಅಂಕಗಳ ಮೊತ್ತ ಹಳೆಯ ಪದ್ಧತಿಗಿಂತ ಎಷ್ಟೋ ವಾಸಿಯಾಗಿತ್ತು. ಸೋಜಿಗವೆಂದರೆ, ಆ ಕಣ್ಣು ಮುಚ್ಚಿ ಕೊಟ್ಟ ಅಂಕವೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತ್ತು. ಅಂತಃಪ್ರಜ್ಞೆಗೆ ಬೆಲೆ ಇಲ್ಲದಿಲ್ಲ. ಆದರೆ ಸಂಗತಿಗಳನ್ನು ಒಂದೊಂದಾಗಿ ಕೇಳಿದ ಮೇಲೆ ಬಂದ ಅಂತಃಪ್ರಜ್ಞೆಗೆ.

ಈ ಒಂದೆರಡು ಪ್ರಯೋಗ ಸಾಲದೆನ್ನುವವರಿಗೆ ಇನ್ನೂ ದೊಡ್ಡ ಲೆಕ್ಕವಿದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಗೂಡಿಸಿ, ನೇಮಕದ ಯಾವ ವಿಧಾನ ಮುಂದಿನ ಕೆಲಸವನ್ನು ಎಷ್ಟರಮಟ್ಟಿಗೆ ಮುಂಗಾಣುತ್ತದೆ ಎಂದು ಲೆಕ್ಕ ಹಾಕಿದರು. ಸೊನ್ನೆ ಎಂದರೆ ಏನೂ ಸಂಬಂಧವಿಲ್ಲ, ಒಂದು ಎಂದರೆ ಪೂರ್ತಿ ಸಂಬಂಧ. ಮೇಲೆ ಹೇಳಿದಂಥ ನಿಯಮಗಳಿಂದ ನಡೆಯುವ ಚೌಕಟ್ಟಿನ ಸಂದರ್ಶನಕ್ಕೆ 0.51, ಬಿಡಿ ಮಾತುಕತೆಗೆ 0.38, ನಮ್ಮವರು ಬಹಳ ನೆಚ್ಚುವ ಅನುಭವದ ವರ್ಷಗಳಿಗೆ 0.18, ಕೈಬರಹ ನೋಡಿ ಹೇಳುವುದಕ್ಕೆ 0.02. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಈ ಲೆಕ್ಕದಲ್ಲಿ ಅಂಕಿಗಳನ್ನು ಅತಿಯಾಗಿ ಉಬ್ಬಿಸಲಾಗಿದೆ ಎಂದು ತೋರಿಸಿ ತಿದ್ದಿದರು. ತಿದ್ದಿದ ಮೇಲೂ 0.42 ಉಳಿಸಿಕೊಂಡು ಚೌಕಟ್ಟಿನ ಸಂದರ್ಶನವೇ ಪಟ್ಟಿಯ ತಲೆಗೆ ಬಂತು. ಬಿಡಿ ಮಾತುಕತೆ 0.19ಕ್ಕೆ ಕುಸಿಯಿತು. ಆದರೂ 0.42 ಅಂದರೆ ಭವಿಷ್ಯವಾಣಿಯೇನಲ್ಲ. ಅದನ್ನು ವರ್ಗ ಮಾಡಿದರೆ ಸುಮಾರು 0.18, ಅಂದರೆ ಒಬ್ಬರ ಕೆಲಸಕ್ಕೂ ಇನ್ನೊಬ್ಬರ ಕೆಲಸಕ್ಕೂ ಇರುವ ವ್ಯತ್ಯಾಸದಲ್ಲಿ ಐದನೇ ಒಂದು ಭಾಗವನ್ನೂ ಈ ಸಂದರ್ಶನ ವಿವರಿಸಲಾರದು. ಇದರಲ್ಲಿ ಸೋತವರು ತಾವು ನಾಲಾಯಕ್ಕೆಂದು ತಿಳಿಯಬೇಕಾಗಿಲ್ಲ ಎಂಬುದಕ್ಕೆ ಈ ಒಂದು ಅಂಕಿ ಸಾಕು.

ಈಗ ಮೇಜಿನ ಈಚೆಗೆ ಬರೋಣ. ಸಂದರ್ಶಕರ ಮುಂದೆ ಒಂದು ಹಾಳೆಯೋ ಲ್ಯಾಪ್‌ಟಾಪೋ ಇದೆ, ಅದರಲ್ಲಿ ‘ಗುಣಮಟ್ಟದ ಬಗ್ಗೆ ರಾಜಿ ಮಾಡಿಕೊಳ್ಳದಿರುವುದು’ ಎಂಬಂಥ ಒಂದು ಸಾಲು, ಪಕ್ಕದಲ್ಲಿ ಖಾಲಿ ಜಾಗ. ಆ ಜಾಗದಲ್ಲಿ ಬರೆಯಲು ಅವರಿಗೆ ನೀವು ಏನು ಕೊಡುತ್ತೀರಿ ಎಂಬುದೇ ವಿಷಯ. ಒಂದು ಉದಾಹರಣೆ ಕಟ್ಟಿ ನೋಡೋಣ. ಸಾಫ್ಟ್‌ವೇರ್ ಬೇಡ, ಎಲ್ಲರೂ ಅದನ್ನೇ ಹೇಳುತ್ತಾರೆ. ಅಪಾರ್ಟ್‌ಮೆಂಟ್ ಕಟ್ಟುವ ಕಡೆಯ ಸೈಟ್ ಎಂಜಿನಿಯರ್ ಎಂದುಕೊಳ್ಳಿ. ಕೆಲಸದ ಗುಣಮಟ್ಟದಲ್ಲಿ ತೊಂದರೆ ಕಂಡ ಒಂದು ಸಂದರ್ಭ ಹೇಳಿ ಎಂದರೆ ಹೆಚ್ಚಿನವರ ಬಾಯಲ್ಲಿ ಬರುವ ಉತ್ತರ ಇದು: ‘ನಮ್ಮ ಸೈಟಿನಲ್ಲಿ ಒಮ್ಮೆ ಕಾಂಕ್ರೀಟ್ ಗುಣಮಟ್ಟದ ಸಮಸ್ಯೆ ಬಂದಿತ್ತು. ನಾವು ತಂಡದವರೆಲ್ಲ ಕೂತು ಚರ್ಚಿಸಿ, ಸರಿಯಾದ ಕ್ರಮ ತೆಗೆದುಕೊಂಡು ಬಗೆಹರಿಸಿದೆವು. ನಾನು ಯಾವತ್ತೂ ಕ್ವಾಲಿಟಿಗೆ ಮೊದಲ ಆದ್ಯತೆ ಕೊಡುವವನು.’ ಇದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ಆದರೆ ಸಂದರ್ಶಕರು ಬರೆದುಕೊಳ್ಳುವಂಥ ಒಂದು ಸಂಗತಿಯೂ ಇಲ್ಲ.

ಅದೇ ಮನುಷ್ಯ ಅದೇ ಘಟನೆಯನ್ನು ಹೀಗೆ ಹೇಳಬಹುದಿತ್ತು: ‘ಮೂರನೇ ಮಹಡಿಯ ಸ್ಲ್ಯಾಬ್, ಎಂ25 ಕಾಂಕ್ರೀಟ್. ಏಳನೇ ದಿನದ ಕ್ಯೂಬ್ ಟೆಸ್ಟ್‌ನಲ್ಲಿ ಹದಿನಾರು ಹದಿನೇಳು ಬರಬೇಕಾದಲ್ಲಿ ಹದಿಮೂರು ಬಂತು. ಪ್ಲಾಂಟಿನವರ ಕ್ಯೂಬ್ ಸರಿಯಾಗಿತ್ತು, ಹಾಗಾದರೆ ಕೆಟ್ಟಿದ್ದು ದಾರಿಯಲ್ಲಿ ಅಥವಾ ನಮ್ಮ ಸೈಟಿನಲ್ಲಿ. ಆ ದಿನದ ಡೆಲಿವರಿ ಚಲನ್‌ಗಳನ್ನು ತೆಗೆದು ನೋಡಿದೆ. ಎರಡು ಲಾರಿ ಟ್ರಾಫಿಕ್‌ನಲ್ಲಿ ಸಿಕ್ಕಿ ತಡವಾಗಿ ಬಂದಿದ್ದವು. ಪಂಪ್ ಆಪರೇಟರನ್ನು ಬೈಯದೆ ಕೇಳಿದೆ. ಗಟ್ಟಿಯಾಗಿದ್ದಕ್ಕೆ ನೀರು ಸೇರಿಸಿದೆವು ಎಂದು ಒಪ್ಪಿಕೊಂಡ. ಆ ಲಾರಿಗಳ ಕಾಂಕ್ರೀಟ್ ಎಲ್ಲಿ ಬಿದ್ದಿದೆಯೆಂದು ಪೋರ್ ಕಾರ್ಡಿನಲ್ಲಿ ಗುರುತಿಸಿ, ಅಲ್ಲಿ ಶಟರಿಂಗ್ ಬಿಚ್ಚಬೇಡಿ, ಮೇಲಿನ ಕಂಬಗಳಿಗೆ ಕೈ ಹಾಕಬೇಡಿ ಎಂದೆ. ಪ್ರಾಜೆಕ್ಟ್ ಮ್ಯಾನೇಜರ್ ಇಪ್ಪತ್ತೆಂಟನೇ ದಿನದ ರಿಸಲ್ಟ್ ಬರಲಿ, ಕೆಲಸ ನಿಲ್ಲಿಸುವುದು ಬೇಡ ಎಂದರು. ಕನ್ಸಲ್ಟೆಂಟ್‌ಗೆ ಮೇಲ್ ಹಾಕಿ ಅವರಿಗೂ ಪ್ರತಿ ಕಳಿಸಿದೆ. ಇಪ್ಪತ್ತೆಂಟಕ್ಕೆ ಇಪ್ಪತ್ತು ಬಂತು, ಫೇಲ್. ಕೋರ್ ತೆಗೆಸಿದೆವು. ಐಎಸ್ 456ರ ಪ್ರಕಾರ ಸರಾಸರಿ ಶೇ 85 ಇರಬೇಕು, ಯಾವುದೂ ಶೇ 75ಕ್ಕಿಂತ ಕೆಳಗಿರಬಾರದು. ಎರಡೂ ದಾಟಿತು, ಸ್ಲ್ಯಾಬ್ ಉಳಿಯಿತು. ಕೆಲಸ ತಡವಾಯಿತು, ಗುತ್ತಿಗೆದಾರ ಇವತ್ತಿಗೂ ನನ್ನ ಮೇಲೆ ಮುನಿಸಿಕೊಂಡಿದ್ದಾನೆ. ನಾನು ಲಾರಿ ಬಂದಾಗಲೇ ಸ್ಲಂಪ್ ನೋಡಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಆಮೇಲಿನಿಂದ ಪ್ರತಿ ಲಾರಿಗೂ ನೋಡುತ್ತೇವೆ.’

ಎರಡನೆಯ ಉತ್ತರದಲ್ಲಿ ಅಲಂಕಾರವಿಲ್ಲ, ಹೀರೋತನವೂ ಇಲ್ಲ. ತಾನು ಗುಣಮಟ್ಟಕ್ಕೆ ಆದ್ಯತೆ ಕೊಡುವವನೆಂದು ಅವನು ಒಮ್ಮೆಯೂ ಹೇಳಲಿಲ್ಲ. ಆದರೆ ಹೇಗೆ ಯೋಚಿಸಿದ, ಯಾವ ಕಾಗದ ತಿರುವಿದ, ಕೆಳಗಿನವನನ್ನು ಹೇಗೆ ಮಾತಾಡಿಸಿದ, ಮೇಲಿನವರು ಬೇಡವೆಂದಾಗ ಏನು ಮಾಡಿದ, ಅದರಿಂದ ಯಾರಿಗೆ ಏನು ನಷ್ಟವಾಯಿತು ಎಂಬುದೆಲ್ಲ ಬಂದಿದೆ. ಇಂಥ ಒಂದು ಘಟನೆ ‘ಮೇಲಧಿಕಾರಿಯ ಜೊತೆ ಭಿನ್ನಾಭಿಪ್ರಾಯ’, ‘ಸಮಸ್ಯೆಯ ಆಳಕ್ಕಿಳಿದದ್ದು’, ‘ನಿಮ್ಮಿಂದಾದ ತಪ್ಪು’ ಎಂಬ ಮೂರು ಪ್ರಶ್ನೆಗಳಿಗೂ ಒದಗುತ್ತದೆ. ಒತ್ತು ಕೊಡುವ ಜಾಗ ಮಾತ್ರ ಬೇರೆ. ಸ್ಟಾರ್ ಕ್ರಮವನ್ನು ಪಾಠದಂತೆ ಒಪ್ಪಿಸುವವರು ಸಾಮಾನ್ಯವಾಗಿ ಸಂದರ್ಭ ವಿವರಿಸುವುದಕ್ಕೇ ಅರ್ಧ ಹೊತ್ತು ಕಳೆದು, ಕ್ರಮದ ಭಾಗವನ್ನು ಎರಡು ವಾಕ್ಯದಲ್ಲಿ ಮುಗಿಸುತ್ತಾರೆ. ಅಂಕ ಇರುವುದು ಕ್ರಮದಲ್ಲಿ. ಅದರಲ್ಲೂ ಇನ್ನೊಂದು ದಾರಿ ಇದ್ದೂ ಈ ದಾರಿಯನ್ನೇ ಯಾಕೆ ಹಿಡಿದಿರಿ ಎಂಬಲ್ಲಿ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ಅಡ್ಡಿಯಿದೆ. ತನ್ನ ಕೆಲಸವನ್ನು ತಾನೇ ಹೇಳಿಕೊಳ್ಳುವುದು ಜಂಭ ಎಂದು ಕೇಳುತ್ತಲೇ ನಾವು ಬೆಳೆದಿದ್ದೇವೆ. ಮಾಡಿದ್ದನ್ನೆಲ್ಲ ತಂಡದ ಲೆಕ್ಕಕ್ಕೆ ಹಾಕುವುದು ಸೌಜನ್ಯ. ಊಟದ ಮನೆಯಲ್ಲಿ ಅದು ಚೆಂದ. ಸಂದರ್ಶಕರಿಗೆ ಮಾತ್ರ ನೇಮಿಸಿಕೊಳ್ಳಬೇಕಾದದ್ದು ತಂಡವನ್ನಲ್ಲ, ಒಬ್ಬರನ್ನು. ಅವರು ‘ಅದರಲ್ಲಿ ನಿಮ್ಮ ಪಾಲು ಯಾವುದು?’ ಎಂದು ಮತ್ತೆ ಮತ್ತೆ ಕೇಳುವುದು ಅನುಮಾನದಿಂದಲ್ಲ, ಬರೆಯಲು ಏನೂ ಸಿಗದೆ. ಜಂಭವಾಗದಂತೆ ಇದಕ್ಕೆ ಉತ್ತರಿಸುವ ದಾರಿ, ಬೇರೆಯವರ ಪಾಲನ್ನು ಹೆಸರಿಸಿ ಹೇಳುವುದು. ಡೇಟಾಬೇಸ್ ಬದಲಾಯಿಸುವ ಯೋಚನೆ ಸಹೋದ್ಯೋಗಿಯದು, ಹಳೆಯ ಡೇಟಾವನ್ನು ಕಳೆಯದೆ ಸಾಗಿಸುವ ಸ್ಕ್ರಿಪ್ಟ್ ಬರೆದದ್ದು ನಾನು, ಟೆಸ್ಟ್ ಮಾಡಿದ್ದು ಇನ್ನೊಬ್ಬರು ಎಂದರೆ ಮೂವರಿಗೂ ನ್ಯಾಯ ಸಿಗುತ್ತದೆ, ಮತ್ತು ನಿಮ್ಮ ಮಾತಿಗೆ ತೂಕ ಬರುತ್ತದೆ.

ಇಷ್ಟು ವಿವರ ಸಂದರ್ಶನದ ಕೋಣೆಯಲ್ಲಿ ನೆನಪಾಗುವುದಿಲ್ಲ. ಆರು ತಿಂಗಳ ಹಿಂದಿನ ಅಂಕಿ ಇವತ್ತು ಕೇಳಿದರೆ ‘ಸುಮಾರು ಕಡಿಮೆಯಾಯಿತು’ ಎಂದೇ ಬರುತ್ತದೆ. ಅದಕ್ಕೇ ನೆನಪಿನ ಕುರುಹುಗಳನ್ನು ಹುಡುಕಬೇಕು: ಗಿಟ್ ಕಮಿಟ್‌ಗಳು, ಜೀರಾ ಟಿಕೆಟ್‌ಗಳು, ಸೈಟ್ ಡೈರಿ, ಮೆಜರ್‌ಮೆಂಟ್ ಬುಕ್, ವರ್ಷದ ಅಪ್ರೈಸಲ್‌ಗೆ ನೀವೇ ಬರೆದುಕೊಟ್ಟ ಟಿಪ್ಪಣಿ. ಹಳೆ ಕಂಪನಿಯ ಕಡತಗಳನ್ನು ಮನೆಗೆ ಸಾಗಿಸಬೇಕೆಂದಲ್ಲ, ಅದು ನೌಕರಿಯ ಕರಾರಿಗೆ ವಿರುದ್ಧ. ಅಲ್ಲಿರುವಾಗಲೇ ಅವನ್ನು ನೋಡಿಕೊಂಡು ನಿಮ್ಮ ನೋಟ್‌ಬುಕ್ಕಿನಲ್ಲಿ ನಿಮ್ಮ ಮಾತಿನಲ್ಲಿ ಬರೆದಿಡಿ. ಗ್ರಾಹಕರ ಹೆಸರು, ವ್ಯವಹಾರದ ಗುಟ್ಟು ಅಲ್ಲೂ ಬೇಡ, ಸಂದರ್ಶನದಲ್ಲೂ ಬೇಡ. ‘ಒಂದು ಬ್ಯಾಂಕಿನ ಪ್ರಾಜೆಕ್ಟ್’ ಎಂದರೆ ಸಾಕು. ಎಂಟು ಹತ್ತು ಘಟನೆ ಒಟ್ಟಾದರೆ ಬಹುತೇಕ ಪ್ರಶ್ನೆಗಳಿಗೆ ಸಾಲುತ್ತದೆ. ಅವುಗಳಲ್ಲಿ ಎರಡು ಮೂರಾದರೂ ಕೆಟ್ಟು ಹೋದ ಕೆಲಸಗಳಾಗಿರಲಿ. ನಿಮ್ಮ ದೊಡ್ಡ ದೌರ್ಬಲ್ಯ ಯಾವುದು ಎಂದರೆ ‘ನಾನು ಅತಿ ಪರಿಪೂರ್ಣತೆ ಬಯಸುತ್ತೇನೆ’ ಎನ್ನುವ ಉತ್ತರ ಸವೆದು ತೂತಾಗಿದೆ. ಆಮೇಲೆ ಹುದ್ದೆಯ ವಿವರಣೆಯನ್ನು ಮುಂದಿಟ್ಟುಕೊಂಡು, ಅಲ್ಲಿ ಕೇಳಿರುವ ಯಾವ ಗುಣಕ್ಕೆ ನಿಮ್ಮ ಯಾವ ಘಟನೆ ಎಂದು ಹೊಂದಿಸಿ. ವಾಕ್ಯ ಬರೆದು ಉರು ಹೊಡೆಯುವುದು ಬೇಡ. ಐದಾರು ಗುರುತು ಪದಗಳಿಟ್ಟುಕೊಂಡು ಎರಡು ಮೂರು ನಿಮಿಷದಲ್ಲಿ ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ, ಪ್ರತಿ ಸಲವೂ ಮಾತು ಬೇರೆಯಾಗಲಿ.

ಇದಕ್ಕೆ ಬರುವ ಗಟ್ಟಿ ಆಕ್ಷೇಪ, ಹೀಗೆ ತಯಾರಾಗಿ ಬಂದವನ ಮಾತನ್ನು ನಂಬುವುದು ಹೇಗೆ ಎಂಬುದು. ಕಥೆ ಕಟ್ಟಬಹುದು, ಈಗಂತೂ ಚಾಟ್‌ಜಿಪಿಟಿ ಕ್ಷಣದಲ್ಲಿ ಕಟ್ಟಿಕೊಡುತ್ತದೆ. ಆಕ್ಷೇಪ ಹುಸಿಯಲ್ಲ. ಜೂಲಿಯಾ ಲೆವಾಶಿನಾ ಮತ್ತು ಮೈಕೆಲ್ ಕ್ಯಾಂಪಿಯನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸ ಹುಡುಕುತ್ತಿದ್ದ ಪದವಿ ವಿದ್ಯಾರ್ಥಿಗಳಲ್ಲಿ ಶೇ 90ಕ್ಕೂ ಹೆಚ್ಚು ಮಂದಿ ಸಂದರ್ಶನದಲ್ಲಿ ಒಂದಿಲ್ಲೊಂದು ಬಗೆಯಲ್ಲಿ ಬಣ್ಣ ಹಚ್ಚಿದ್ದರು; ಸುಳ್ಳಿಗೆ ಹತ್ತಿರವಾದದ್ದನ್ನು ಹೇಳಿದವರು ಅದಕ್ಕಿಂತ ಕಡಿಮೆ. ಆದರೆ ಅದೇ ಅಧ್ಯಯನ, ‘ಏನು ಮಾಡುತ್ತೀರಿ’ ಎಂಬ ಪ್ರಶ್ನೆಗಿಂತ ‘ಏನು ಮಾಡಿದಿರಿ’ ಎಂಬ ಪ್ರಶ್ನೆಗೆ ಬಣ್ಣ ಹಚ್ಚುವುದು ಕಷ್ಟವೆಂದೂ ತೋರಿಸಿತು. ಮರುಪ್ರಶ್ನೆ ಹಾಕಿದರೆ ಸುಳ್ಳು ಬಯಲಾಗುತ್ತದೆ ಎಂದು ನಾವೆಲ್ಲ ನಂಬುತ್ತೇವೆ. ಅಲ್ಲಿ ಕಂಡದ್ದು ತಿರುಗುಮುರುಗು, ಮರುಪ್ರಶ್ನೆ ಬಂದಾಗ ಬಣ್ಣ ಹೆಚ್ಚಾಗಿತ್ತು. ನನಗೆ ಇದರಲ್ಲಿ ಒಂದು ಸುಳಿವು ಕಾಣುತ್ತದೆ. ವಿವರ ನೆನಪಿಲ್ಲದವನನ್ನು ವಿವರ ಕೇಳಿ ಒತ್ತಾಯಿಸಿದರೆ ಅವನು ಕಟ್ಟಿ ಹೇಳುತ್ತಾನೆ. ಹಾಗಿದ್ದರೆ ಮೊದಲೇ ನೆನಪು ಹೆಕ್ಕಿಕೊಂಡು ಬರುವುದು ಮೋಸಕ್ಕೆ ದಾರಿಯಲ್ಲ, ಮೋಸ ಬೇಕಾಗದಂತೆ ಮಾಡುವ ದಾರಿ. ಇದನ್ನು ಬೆಂಬಲಿಸುವ ಪುರಾವೆಯೂ ಇದೆ. ಅಮೆರಿಕದಲ್ಲಿ ಟಾಡ್ ಮೌರರ್ ಮತ್ತು ಜೆರ್ರಿ ಸಾಲಮನ್ ಸಂಗಡಿಗರ ಜೊತೆ, ಚೌಕಟ್ಟಿನ ಸಂದರ್ಶನಕ್ಕೆ ತರಬೇತಿ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸರಿಯಾದ ತರಬೇತಿ ಪಡೆದವರ ವಿಷಯದಲ್ಲಿ ಸಂದರ್ಶನದ ಅಂದಾಜು ಇನ್ನಷ್ಟು ನಿಖರವಾಗಿತ್ತು. ಆ ತರಬೇತಿ ಕೃತಕ ಉತ್ತರ ಕಲಿಸುವುದಾಗಿರಲಿಲ್ಲ. ಕೆಲಸಕ್ಕೆ ಸಂಬಂಧಿಸಿದ್ದನ್ನು ಯೋಚಿಸಿ, ಕ್ರಮವಾಗಿ ಹೇಳುವುದಾಗಿತ್ತು.

ಫ್ರೆಶರ್‌ಗಳು ಕೇಳುವುದು ಬೇರೆ: ಅನುಭವವೇ ಇಲ್ಲದವರು ಘಟನೆಯನ್ನು ಎಲ್ಲಿಂದ ತರುವುದು? ಇದಕ್ಕೆ ಸಮಾಧಾನ ಹೇಳುವುದು ಸುಲಭವಲ್ಲ. ವಿಟಿಯು ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟ್ ನಾಲ್ಕು ಜನರ ಹೆಸರಿನಲ್ಲಿರುತ್ತದೆ, ಕೆಲಸ ಒಬ್ಬರದಾಗಿರುತ್ತದೆ, ಕೆಲವೊಮ್ಮೆ ಪ್ರಾಜೆಕ್ಟೇ ದುಡ್ಡು ಕೊಟ್ಟು ತಂದದ್ದಾಗಿರುತ್ತದೆ. ತಂದ ಪ್ರಾಜೆಕ್ಟಿನ ಬಗ್ಗೆ ಎರಡನೇ ಪ್ರಶ್ನೆಗೇ ನಾಲಿಗೆ ಒಣಗುತ್ತದೆ, ಅದಕ್ಕೆ ಯಾವ ತಯಾರಿಯೂ ಇಲ್ಲ. ಆದರೆ ಸಾಕ್ಷ್ಯ ಆಫೀಸಿನಲ್ಲೇ ಹುಟ್ಟಬೇಕೆಂದಿಲ್ಲ. ಓಡದ ಮೋಟಾರನ್ನು ಲ್ಯಾಬಿನಲ್ಲಿ ಮೂರು ದಿನ ಬಿಚ್ಚಿ ಜೋಡಿಸಿದ್ದು, ಕಾಲೇಜು ಹಬ್ಬದ ಹಣದ ಲೆಕ್ಕ ತಾಳೆಯಾಗದೆ ಕೂತು ಸರಿಮಾಡಿದ್ದು, ಊರಿನ ಕೊಳವೆಬಾವಿಯ ಸ್ಟಾರ್ಟರ್‌ಗೆ ಫೋನಿನಿಂದ ಚಾಲೂ ಮಾಡುವ ಸರ್ಕ್ಯೂಟ್ ಕಟ್ಟಿಕೊಟ್ಟಿದ್ದು, ಯಾವುದಾದರೂ ಆದೀತು; ನಿಮ್ಮ ತೀರ್ಮಾನ ಅದರಲ್ಲಿರಬೇಕು. ಸೇನೆಯ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿಯಲ್ಲಿ, ಅದರ ಒಂದು ಕೇಂದ್ರ ಬೆಂಗಳೂರಿನಲ್ಲೇ ಇದೆ, ಐದು ದಿನ ನಡೆಯುವ ಪರೀಕ್ಷೆಯ ಸಂದರ್ಶನ ಶುರುವಾಗುವುದೇ ಅಭ್ಯರ್ಥಿ ತನ್ನ ಮನೆ, ಶಾಲೆ, ಆಟ, ಹೊಣೆಗಾರಿಕೆಗಳ ಬಗ್ಗೆ ತುಂಬಿಕೊಟ್ಟ ಅರ್ಜಿಯಿಂದ. ಅಲ್ಲಿ ಆಯ್ಕೆಯಾಗುವವರಲ್ಲಿ ವಿದ್ಯಾರ್ಥಿಗಳೂ ಇರುತ್ತಾರೆ.

ಇಂಗ್ಲಿಷಿನ ಮಾತು ಬಾರದೆ ಇದು ಮುಗಿಯದು. ಕನ್ನಡ ಮಾಧ್ಯಮದಲ್ಲಿ ಓದಿ ಎಂಜಿನಿಯರಿಂಗ್ ಸೇರಿದವರಿಗೆ ಈ ರೌಂಡ್ ಅಂದರೆ ಭಾಷೆಯ ಪರೀಕ್ಷೆಯೆಂದೇ ಭಯ, ಕೋಡಿಂಗ್ ರೌಂಡಿಗಿಂತ ಹೆಚ್ಚು. ನಿರರ್ಗಳವಾಗಿ ಮಾತಾಡುವವರಿಗೆ ಅನುಕೂಲ ಇದ್ದೇ ಇದೆ, ಇಲ್ಲವೆನ್ನುವುದು ಅಪ್ರಾಮಾಣಿಕ. ಆದರೆ ಆ ಅನುಕೂಲ ಹೆಚ್ಚು ಇರುವುದು ಚೌಕಟ್ಟಿಲ್ಲದ ಹರಟೆಯಲ್ಲಿ. ಅಲ್ಲಿ ಉಚ್ಚಾರ, ಶಾಲೆ, ನೋಡಿದ ಸಿನಿಮಾ ಎಲ್ಲವೂ ಅಂಕವಾಗುತ್ತದೆ. ಅಮೆರಿಕದ ಜನಾಂಗೀಯ ಗುಂಪುಗಳನ್ನು ಹೋಲಿಸಿ ಅಲೆನ್ ಹಫ್‌ಕಟ್ ಮತ್ತು ಫಿಲಿಪ್ ರಾತ್ 1998ರಲ್ಲಿ ಕಂಡುಕೊಂಡದ್ದೂ ಅದೇ: ಚೌಕಟ್ಟು ಬಿಗಿಯಾದಷ್ಟೂ ಗುಂಪುಗಳ ನಡುವಿನ ಅಂಕದ ಅಂತರ ಕಡಿಮೆ. ಭಾರತ ಸರ್ಕಾರ 2016ರ ಜನವರಿ 1ರಿಂದ ಗ್ರೂಪ್ ‘ಸಿ’ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ‘ಬಿ’ ಹುದ್ದೆಗಳಿಗೆ ಸಂದರ್ಶನವನ್ನೇ ಕೈಬಿಟ್ಟಿತು; ಶಿಫಾರಸು, ಪಕ್ಷಪಾತಗಳ ಬಗ್ಗೆ ಇದ್ದ ದೂರು ಅದರ ಹಿಂದಿತ್ತು. ಖಾಸಗಿ ಕಂಪನಿಗಳು ಸಂದರ್ಶನ ಬಿಡಲಾರವು, ಬಿಗಿಗೊಳಿಸಬಲ್ಲವು. ಅಭ್ಯರ್ಥಿಯ ಮಟ್ಟಿಗೆ ಹೇಳುವುದಾದರೆ, ಘಟನೆಯನ್ನು ಮೊದಲು ಗೆಳೆಯನಿಗೆ ಕನ್ನಡದಲ್ಲಿ ಹೇಳಿ ನೋಡುವುದು ಒಳ್ಳೆಯದು. ಎಲ್ಲಿ ಕೊಂಡಿ ಕಳಚುತ್ತದೆ ಎಂಬುದು ತಾಯ್ನುಡಿಯಲ್ಲಿ ಬೇಗ ಗೊತ್ತಾಗುತ್ತದೆ. ಕೊಂಡಿ ಸರಿಯಾಗಿದ್ದರೆ ಸರಳ ಇಂಗ್ಲಿಷ್ ಸಾಲುತ್ತದೆ, ಕ್ಯೂಬ್ ಟೆಸ್ಟ್‌ನ ಹದಿಮೂರು ಎಂಬ ಅಂಕಿಗೆ ವ್ಯಾಕರಣ ಬೇಕಾಗಿಲ್ಲ. ‘ಒಂದು ನಿಮಿಷ ಯೋಚಿಸಬಹುದೇ?’ ಎಂದು ಕೇಳಿದರೆ ಅಂಕ ಕಳೆಯುವ ಸಂದರ್ಶಕ ಆ ಕುರ್ಚಿಗೆ ತಕ್ಕವನಲ್ಲ.

ಎಲ್ಲ ಕಡೆಯೂ ಚೌಕಟ್ಟು ಇರುತ್ತದೆಂದು ನಂಬಿ ಹೋಗುವಂತಿಲ್ಲ. ಬಿಹೇವಿಯರಲ್ ರೌಂಡ್ ಎಂದು ಕರೆದು, ಒಳಗೆ ‘ನಿಮ್ಮ ಬಗ್ಗೆ ಹೇಳಿ’, ‘ಐದು ವರ್ಷದಲ್ಲಿ ಎಲ್ಲಿರುತ್ತೀರಿ’ ಎಂದಷ್ಟೇ ಕೇಳಿ ಕಳಿಸುವ ಕಡೆಗಳು ಬೇಕಾದಷ್ಟಿವೆ. ಅಲ್ಲೂ ಹೆಕ್ಕಿಟ್ಟ ಘಟನೆಗಳು ವ್ಯರ್ಥವಲ್ಲ. ನಿಮ್ಮ ಬಗ್ಗೆ ಹೇಳಿ ಎಂದಾಗ ಊರು, ಕಾಲೇಜು, ಹವ್ಯಾಸಗಳ ಪಟ್ಟಿ ಬಿಟ್ಟು ಒಂದು ಕೆಲಸವನ್ನು ಹೇಳಬಹುದು. ಕೊನೆಯಲ್ಲಿ ‘ನಿಮ್ಮದೇನಾದರೂ ಪ್ರಶ್ನೆ ಇದೆಯೇ?’ ಎಂದಾಗ ಇದೇ ವಿಧಾನವನ್ನು ಕಂಪನಿಯ ಮೇಲೂ ಬಳಸಬಹುದು, ಯಾರೂ ಬಳಸುವುದಿಲ್ಲ ಅಷ್ಟೇ. ಇಲ್ಲಿನ ವಾತಾವರಣ ಹೇಗಿದೆ ಎಂದು ಕೇಳಿದರೆ ಜಾಹೀರಾತಿನ ಉತ್ತರ ಬರುತ್ತದೆ. ಕಳೆದ ಸಲ ರಿಲೀಸ್ ತಪ್ಪಿದಾಗ ತಂಡದಲ್ಲಿ ಏ‌ನಾಯಿತು, ಯಾರು ಗ್ರಾಹಕರಿಗೆ ಹೇಳಿದರು, ರಾತ್ರಿಪಾಳಿಯ ಕರೆ ಕೊನೆಯದಾಗಿ ಯಾವಾಗ ಬಂತು, ಈ ಹುದ್ದೆಯಲ್ಲಿ ಮೊದಲಿದ್ದವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಉತ್ತರದಲ್ಲಿ ದಿನಾಂಕ, ಹುದ್ದೆ, ನಡೆದ ಸಂಗತಿ ಬರುತ್ತದೆಯೇ ಎಂದು ಕಿವಿಗೊಟ್ಟರೆ, ಆಫರ್ ಲೆಟರ್‌ನಲ್ಲಿ ಇಲ್ಲದ ಎಷ್ಟೋ ವಿಷಯ ಅಲ್ಲೇ ತಿಳಿಯುತ್ತದೆ.